ಚಿಕ್ಕಮಗಳೂರು ಪೇಟೆಯೊಳಗೆ ಭಾನುವಾರ ಬೆಳಿಗ್ಗೆ ನಡಿಗೆ, ಆಮೇಲೆ ನಿಧಾನಕ್ಕೆ ತಿಂಡಿ: ಎಲ್ಲಿಂದ ಶುರು ಮಾಡೋದು?

ಕೋಟೆ ಕೆರೆ ದಂಡೆ
ಬುಧವಾರ, ರಾತ್ರಿ 9:12

ನಮಸ್ಕಾರ ಎಲ್ರಿಗೂ. ಈ ಭಾನುವಾರ ಬೆಂಗಳೂರಿಂದ ನಮ್ಮ ಚಿಕ್ಕಮ್ಮನ ಮಗಳು, ಅವಳ ಗಂಡ, ಜೊತೆಗೆ ಅವಳ ಅತ್ತೆ ಬರ್ತಿದಾರೆ. ಶನಿವಾರ ರಾತ್ರಿ ಬಂದು ಭಾನುವಾರ ಸಂಜೆ ವಾಪಸ್. ಫೋನಲ್ಲಿ ಕೇಳಿದ ಮೊದಲ ಮಾತೇ ಮುಳ್ಳಯ್ಯನಗಿರಿಗೆ ಎಷ್ಟೊತ್ತಿಗೆ ಹೊರಡೋದು ಅಂತ. ಈ ಸಲ ಗಿರಿ ಬೇಡ, ಊರು ತೋರಿಸ್ತೀನಿ ಬನ್ನಿ ಅಂದೆ. ಊರಲ್ಲಿ ನೋಡೋಕೆ ಏನಿದೆ ಅಂದ್ಲು.

ನಂಗೆ ಅದೇ ಬೇಜಾರು ಕಣ್ರೀ. ಇಲ್ಲಿಗೆ ಬಂದೋರೆಲ್ಲ ಊರನ್ನ ಕಾರಿನ ಗ್ಲಾಸಿಂದ ನೋಡ್ಕೊಂಡು, ಪೆಟ್ರೋಲ್ ಹಾಕಿಸ್ಕೊಂಡು, ನೀರಿನ ಬಾಟ್ಲಿ ತಗೊಂಡು ಸೀದಾ ಬೆಟ್ಟದ ಕಡೆ ತಿರುಗಿಬಿಡ್ತಾರೆ, ಅಲ್ಲಿ ಘಾಟಿಲಿ ಗಂಟೆಗಟ್ಲೆ ಕಾರಲ್ಲೇ ಕೂತಿದ್ದು ಸಂಜೆ ಸುಸ್ತಾಗಿ ಇಳೀತಾರೆ. 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ಬುಕಿಂಗ್ ಬೇರೆ ಮಾಡ್ಬೇಕು. 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ, ನೋಡ್ಬಾರ್ದು ಅಂತ ನಾನು ಹೇಳ್ತಿಲ್ಲ. ಆದ್ರೆ ಅದರ ಬುಡದಲ್ಲಿ ಒಂದು ಊರಿದೆ, ಅದೂ ಸಾವಿರ ಮೀಟರ್‌ಗಿಂತ ಮೇಲೇ ಇದೆ. ಯುಗಾದಿ ಆಗಿ ಹೊಂಗೆ ಚಿಗುರಿರೋ ಈ ಹೊತ್ತಲ್ಲಿ, ಬೆಳಿಗ್ಗೆ ಏಳು ಗಂಟೆಗೆ ಇಲ್ಲಿ ಸುಮ್ನೆ ನಡೆದಾಡೋದ್ರಲ್ಲಿ ಇರೋ ಸುಖ ಕಾರಲ್ಲಿ ಸಿಗಲ್ಲ.

ನನ್ನ ತಲೇಲಿ ಇರೋದು ಇಷ್ಟು: ರತ್ನಗಿರಿ ಬೋರೆ (ಊರಿನ ಗುಡ್ಡ), ಆಮೇಲೆ ಹನುಮಂತಪ್ಪ ಸರ್ಕಲ್‌ನಿಂದ ಎಂ.ಜಿ. ರೋಡ್ ಹಿಡಿದು ಆಜಾದ್ ಪಾರ್ಕ್ ತನಕ, ಮಾರ್ಕೆಟ್ ರಸ್ತೆ, ಸಾಧ್ಯ ಆದ್ರೆ ಬಸವನಹಳ್ಳಿ ಕೆರೆ. ನಮ್ಮ ತಂಗಿ ಬ್ರಂಚ್ ಅಂತಿದಾಳೆ, ಹನ್ನೊಂದಕ್ಕೆ ಎಲ್ಲಾದ್ರೂ ಕೂತು ಹೊಟ್ಟೆ ತುಂಬ ತಿಂದು ಮಧ್ಯಾಹ್ನದ ಊಟಾನೇ ಬಿಡೋದಂತೆ. ಎಲ್ಲಿ ಕೂರಿಸ್ಲಿ? ಅವಳ ಅತ್ತೆಗೆ ಮಂಡಿ ನೋವು, ಜಾಸ್ತಿ ಹತ್ತೋಕಾಗಲ್ಲ. ಯಾವುದು ಮೊದಲು ಯಾವುದು ಆಮೇಲೆ, ದಯವಿಟ್ಟು ಹೇಳಿ.

ಬೈಟು ಕಾಫಿ
ಬುಧವಾರ, ರಾತ್ರಿ 9:40

ಒಳ್ಳೇ ಕೆಲಸ ಮಾಡ್ತಿದೀರ ಅಕ್ಕ. ಬೋರೆ ಮೊದಲು, ಅದ್ರಲ್ಲಿ ಎರಡು ಮಾತಿಲ್ಲ. ಮಾರ್ಚಲ್ಲಿ ಹೊತ್ತೇರಿದ್ರೆ ಬೆಟ್ಟದ ಮೇಲೆ ಮಬ್ಬು ಕೂತ್ಕೊಂಡು ಏನೂ ಕಾಣಲ್ಲ. ಏಳಕ್ಕೆ ಮೊದಲು ಮೇಲಿದ್ರೆ ಚಂದ್ರದ್ರೋಣ ಬೆಟ್ಟದ ಇಡೀ ಸಾಲು ಎದುರಿಗೆ ಸಿಗುತ್ತೆ. ಗಿರಿಗೆ ಹೋಗಲ್ಲ ಅಂತ ಮುನಿಸ್ಕೊಂಡಿದ್ರೆ ಅಲ್ಲಿಂದ್ಲೇ ತೋರಿಸಿ, ಅಲ್ಲಿ ನೋಡು ಮುಳ್ಳಯ್ಯನಗಿರಿ ಅಂತ.

ದೋಸೆ ಕಲ್ಲು
ಬುಧವಾರ, ರಾತ್ರಿ 10:25

ಹನ್ನೊಂದಕ್ಕೆ ಹೋಗ್ಬೇಡಿ. ದಯವಿಟ್ಟು ಹೋಗ್ಬೇಡಿ. ನಾನು ಹೋಟೆಲ್ ಲೈನಲ್ಲೇ ಇರೋನು, ಅದಕ್ಕೇ ಹೇಳ್ತಿದೀನಿ. ನಮ್ಮ ಊರಿನ ಹಳೇ ಹೋಟೆಲ್‌ಗಳಿಗೆ ಒಂದು ಗಡಿಯಾರ ಇದೆ. ಆರೂವರೆ ಏಳಕ್ಕೆ ಇಡ್ಲಿ ಇಳಿಯುತ್ತೆ, ಉಪ್ಪಿಟ್ಟು ಕೇಸರಿಬಾತ್ ಆಗುತ್ತೆ. ದೋಸೆ ಕಲ್ಲು ಆಗ್ಲೇ ಕಾದಿರುತ್ತೆ ಆದ್ರೆ ಕಲ್ಲು ಹದಕ್ಕೆ ಬರೋದು ಒಂದಷ್ಟು ದೋಸೆ ಎದ್ದ ಮೇಲೆ, ಹಾಗಾಗಿ ಎಂಟರಿಂದ ಒಂಬತ್ತೂವರೆ ತನಕ ಬರೋ ದೋಸೆನೇ ದಿನದ ಒಳ್ಳೇ ದೋಸೆ. ಹತ್ತೂವರೆ ಆಯ್ತು ಅಂದ್ರೆ ಒಳಗೆ ಅನ್ನಕ್ಕೆ ನೀರಿಟ್ಟಾಯ್ತು, ಬೆಳಗಿನ ಸಾಂಬಾರ್ ತಳ ಮುಟ್ಟಿರುತ್ತೆ, ಚಟ್ನಿ ಎರಡನೇ ಸಲ ರುಬ್ಬಿದ್ದು ಗಡಿಬಿಡಿಲಿ ನೀರಾಗಿರುತ್ತೆ, ಹುಡುಗ್ರು ತಿಂಡಿ ತಿನ್ನೋಕೆ ಕೂತಿರ್ತಾರೆ. ಆ ಹೊತ್ತಲ್ಲಿ ಹೋಗಿ ಏನಿದೆ ಅಂತ ಕೇಳಿದ್ರೆ ಸಿಗೋದು ಅರ್ಧ ಮನಸ್ಸಿನ ತಿಂಡಿ. ಅದನ್ನ ತಿಂದು ಚಿಕ್ಕಮಗಳೂರಲ್ಲಿ ತಿಂಡಿ ಚೆನ್ನಾಗಿಲ್ಲ ಅಂತ ರಿವ್ಯೂ ಬರೀತಾರೆ, ನಮಗೆ ಹೊಟ್ಟೆ ಉರಿಯುತ್ತೆ.

ಒಂಬತ್ತಕ್ಕೆ ಕೂರಿಸಿ. ಟೌನ್ ಕ್ಯಾಂಟೀನ್ ಮಸಾಲೆ ದೋಸೆ ಗೊತ್ತಿಲ್ದೋರು ಇಲ್ಲಿ ಯಾರೂ ಇಲ್ಲ, ಆದ್ರೆ ಭಾನುವಾರ ಅಲ್ಲಿ ಜನ ಜಾಸ್ತಿ, ತೆಗೆದಿರುತ್ತಾ ಇಲ್ವಾ ಅಂತ ಮುಂಚಿನ ದಿನ ವಿಚಾರಿಸ್ಕೊಂಡು ಹೋಗಿ. ಟೇಬಲ್‌ಗೆ ಕಾಯ್ಬೇಕು. ಆ ಕಾಯೋದೂ ನಡಿಗೆಯ ಭಾಗ ಅಂದ್ಕೊಳ್ಳಿ.

ಬೆಂಗಳೂರಲ್ಲಿರೋ ಮಲ್ನಾಡಿಗ
ಗುರುವಾರ, ಬೆಳಿಗ್ಗೆ 7:55

ದೋಸೆ ಕಲ್ಲು ಅಣ್ಣ ಹೇಳೋದು ಹೋಟೆಲ್ ಕಡೆಯಿಂದ ಸರಿ, ಬರೋರ ಕಡೆಯಿಂದಲೂ ಸ್ವಲ್ಪ ನೋಡಿ. ನಾನು ಮೂಡಿಗೆರೆ ಕಡೆಯವನು, ಕೆಲಸ ಬೆಂಗಳೂರಲ್ಲಿ. ವಾರ ಪೂರ್ತಿ ಆರು ಗಂಟೆಗೆ ಎದ್ದು ಕ್ಯಾಬಲ್ಲಿ ತೂಕಡಿಸ್ಕೊಂಡು ಹೋಗೋರಿಗೆ ಭಾನುವಾರ ಲೇಟಾಗಿ ಎದ್ದು, ಒಂದೇ ಸಲ ಆರಾಮಾಗಿ ಕೂತು ತಿನ್ನೋದೇ ರಜೆ. ಅದರಲ್ಲಿ ತಪ್ಪೇನಿಲ್ಲ. ಈಗ ಊರಲ್ಲೂ ಸುತ್ತಮುತ್ತಲೂ ಕೆಫೆಗಳು ಬಂದಿದಾವೆ, ಹನ್ನೊಂದಕ್ಕೂ ನಗ್ತಾ ಬಡಿಸ್ತಾರೆ, ಬ್ರೆಡ್ಡು ಮೊಟ್ಟೆ ಪೋರ್ ಓವರ್ ಕಾಫಿ ಎಲ್ಲ ಸಿಗುತ್ತೆ. ಚಿಕ್ಕಮಗಳೂರು ಬೀನ್ಸಿಂದ ಮಾಡಿದ ಹಾಲಿಲ್ಲದ ಕಾಫಿನ ಚಿಕ್ಕಮಗಳೂರಲ್ಲೇ ಕುಡಿಯೋಕೆ ಸಿಗ್ತಿರೋದು ಈಚೆಗೆ, ಅದಕ್ಕೆ ನಾವೆಲ್ಲ ಖುಷಿ ಪಡ್ಬೇಕು. ಇಷ್ಟು ವರ್ಷ ಒಳ್ಳೇ ಬೀಜ ಎಲ್ಲ ಹೊರಗಡೆ ಕಳ್ಸಿ ಉಳಿದಿದ್ದನ್ನ ನಾವು ಕುಡೀತಿದ್ವಿ.

ದೋಸೆ ಕಲ್ಲು
ಗುರುವಾರ, ಬೆಳಿಗ್ಗೆ 8:10

ಕೆಫೆ ಬೇಡ ಅಂದಿಲ್ಲ ಮಾರಾಯ್ರೆ. ಹಳೇ ಹೋಟೆಲ್‌ಗೆ ಹಳೇ ಹೊತ್ತಿಗೆ ಹೋಗಿ, ಕೆಫೆಗೆ ಹನ್ನೊಂದಕ್ಕೆ ಹೋಗಿ. ಎರಡೂ ಮಾಡ್ಬೋದಲ್ಲ, ಮಧ್ಯೆ ನಡಿಯೋಕೆ ತಾನೇ ಬರ್ತಿರೋದು.

ಕೋಟೆ ಕೆರೆ ದಂಡೆ
ಗುರುವಾರ, ಬೆಳಿಗ್ಗೆ 8:31

ಇದು ಚೆನ್ನಾಗಿದೆ! ಒಂಬತ್ತಕ್ಕೆ ಒಂದೊಂದು ದೋಸೆ ಮಾತ್ರ, ಹನ್ನೊಂದೂವರೆಗೆ ಮನೆ ಥರದ್ದು ಏನಾದ್ರೂ ಅಕ್ಕಿರೊಟ್ಟಿ ಕಡುಬು ಅಂತ. ತಂಗಿಗೆ ಬ್ರಂಚೂ ಆಯ್ತು.

ಹೂಮಳೆ
ಗುರುವಾರ, ಮಧ್ಯಾಹ್ನ 1:20

ಯಾರೂ ಮುಖ್ಯವಾದ್ದನ್ನೇ ಹೇಳಿಲ್ಲವಲ್ಲ. ನೀವು ಆರಿಸಿರೋ ಭಾನುವಾರ ಎಂಥಾ ಭಾನುವಾರ ಗೊತ್ತಾ ತಾಯಿ? ಹೋದ ವಾರ ಗುರುವಾರ ನಮ್ಮ ತೋಟದಲ್ಲಿ 1 ಇಂಚು 20 ಸೆಂಟ್ ಬಿತ್ತು. (ನಮ್ಮಲ್ಲಿ ಮಳೆ ಈಗಲೂ ಇಂಚು ಸೆಂಟಲ್ಲೇ ಅಳೆಯೋದು, ಒಂದು ಇಂಚಿಗೆ ನೂರು ಸೆಂಟ್. ನಿಮ್ಮ ಲೆಕ್ಕದಲ್ಲಿ ಸುಮಾರು 30 ಮಿಲಿಮೀಟರ್.) ಅದು ಹೂಮಳೆ. ಕಾಫಿ ಗಿಡ ಚಳಿಗಾಲ ಮುಗಿಯೋ ಹೊತ್ತಿಗೆ ಮೊಗ್ಗು ಕಟ್ಕೊಂಡು, ಒಣ ಹವೆಲಿ ಹಂಗೇ ಬಿಗಿಯಾಗಿ ಕಾಯ್ತಿರುತ್ತೆ. ಆ ಬಾಯಾರಿಕೆ ಗಿಡಕ್ಕೆ ಬೇಕೇ ಬೇಕು, ಅದಿಲ್ದಿದ್ರೆ ಹೂವು ಒಟ್ಟಿಗೆ ಬರಲ್ಲ. ಆಮೇಲೆ ಇಂಚು, ಒಂದೂವರೆ ಇಂಚು ಬಿತ್ತು ಅಂದ್ರೆ ರೋಬಸ್ಟಾ ಏಳೆಂಟು ದಿನಕ್ಕೆ ಅರಳುತ್ತೆ, ಅರೇಬಿಕಾ ಒಂಬತ್ತು ಹತ್ತು ದಿನಕ್ಕೆ. ಲೆಕ್ಕ ಹಾಕಿ, ಭಾನುವಾರಕ್ಕೆ ಹತ್ತು ದಿನ.

ಇಡೀ ತೋಟ ಒಂದೇ ಬೆಳಿಗ್ಗೆ ಬೆಳ್ಳಗಾಗುತ್ತೆ. ಎಲೆ ಬುಡ ಬುಡದಲ್ಲೂ ಗೊಂಚಲು, ಐದು ಎಸಳಿನ ಸಣ್ಣ ಹೂವು, ರೆಕ್ಕೆ (ಗಿಡದ ಕೊಂಬೆಗೆ ನಾವು ಹಂಗೇ ಅನ್ನೋದು) ತುದಿ ತನಕ ಎಲೆಗಿಂತ ಹೂವೇ ಜಾಸ್ತಿ. ವಾಸನೆ ಮಲ್ಲಿಗೆ ಹತ್ತಿರದ್ದು, ಆದ್ರೆ ಮಲ್ಲಿಗೆಗಿಂತ ತೆಳು. ಮೂರ್ನಾಲ್ಕು ದಿನ ಅಷ್ಟೇ, ಆಮೇಲೆ ಕಂದಿ ಉದುರುತ್ತೆ. ಊರಿಂದ ಕೈಮರದ ಕಡೆ ಹೋಗೋ ರಸ್ತೆಲಿ ಮನೆಗಳು ಮುಗಿದು ತೋಟ ಶುರುವಾಗೋ ಕಡೆ ಬೆಳಿಗ್ಗೆ ಹೋಗಿ ನಿಂತ್ಕೊಳ್ಳಿ. ಗೇಟ್ ಒಳಗೆ ಹೋಗೋದೇ ಬೇಡ, ರಸ್ತೆಗೇ ವಾಸನೆ ಬರುತ್ತೆ.

ಇದೊಂದು ಸಾಲು ನಿಮ್ಮ ನೆಂಟರಿಗೂ ಹೇಳಿ: ಹೂವಿನ ಟೈಮಲ್ಲಿ ತೋಟದೊಳಗೆ ನುಗ್ಗಿ ಫೋಟೋ ತೆಗಿಯೋಕೆ ರೆಕ್ಕೆ ಎಳೀಬಾರ್ದು. ಒಂದು ಗೊಂಚಲು ಉದುರಿದ್ರೆ ಡಿಸೆಂಬರಲ್ಲಿ ಅಷ್ಟು ಹಣ್ಣು ಕಮ್ಮಿ. ಜೇನು ಬೇರೆ ಇರುತ್ತೆ. ರೋಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟಲ್ಲ, ಜೇನು ಗಾಳಿ ಓಡಾಡ್ಲೇಬೇಕು, ಅವಕ್ಕೆ ತೊಂದ್ರೆ ಕೊಡ್ಬೇಡಿ.

ಉಪ್ಪಳ್ಳಿ ಅಕ್ಕ
ಗುರುವಾರ, ಸಂಜೆ 6:02

ಹೂಮಳೆ ಸರ್ ಬರೆದಿದ್ದು ಓದಿ ನಂಗೆ ಇಲ್ಲೇ ವಾಸನೆ ಬಂದಂಗಾಯ್ತು.

ನಾನು ಮಂಡಿ ನೋವಿನ ವಿಷಯಕ್ಕೆ ಬಂದೆ. ನಮ್ಮಮ್ಮನ್ನ ಕರ್ಕೊಂಡು ಓಡಾಡಿ ಕಲ್ತಿರೋದು ಹೇಳ್ತೀನಿ. ಬೋರೆಗೆ ಆಟೋ ಮಾಡ್ಕೊಳ್ಳಿ, ಏರು ಅವರಿಗೆ ಬೇಡ, ಇಳಿಯೋದೂ ಮಂಡಿಗೆ ಕಷ್ಟವೇ ಹಾಗಾಗಿ ಆಟೋನ ನಿಲ್ಲಿಸ್ಕೊಳ್ಳಿ. ಎಂ.ಜಿ. ರೋಡ್ ಎಂಟು ಎಂಟೂವರೆ ಒಳಗೆ ನಡೆದು ಮುಗಿಸಿ. ಅಂಗಡಿ ಬಾಗ್ಲು ತೆಗೆದ ಮೇಲೆ ಫುಟ್‌ಪಾತಲ್ಲಿ ಬೈಕು, ಬೋರ್ಡು, ಬಾಕ್ಸು ಎಲ್ಲ ಬಂದು ಕೂರುತ್ತೆ, ವಯಸ್ಸಾದೋರು ರಸ್ತೆಗಿಳಿದೇ ನಡೀಬೇಕು. ಭಾನುವಾರ ಬೆಳಿಗ್ಗೆ ಮಾತ್ರ ಆ ರಸ್ತೆ ನಡಿಯೋರದ್ದು. ಶಟರ್ ಮೇಲೆ ಹೆಂಚಿನ ಮಾಡು, ಮರದ ಕಿಟಕಿ ಇರೋ ಹಳೇ ಕಟ್ಟಡಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ, ತಲೆಯೆತ್ತಿ ನೋಡೋಕೆ ಆಗೋದು ಆಗಷ್ಟೇ.

ಇನ್ನೊಂದು, ಹೆಂಗಸರು ಜೊತೆಲಿದ್ರೆ ಶೌಚಾಲಯದ ಯೋಚನೆ ಮೊದಲೇ ಮಾಡಿ. ತಿಂಡಿಗೆ ಕೂರೋ ಹೋಟೆಲ್‌ನ ನಡಿಗೆಯ ನಡುವಿಗೆ ಬರೋ ಹಾಗೆ ಇಟ್ಕೊಳ್ಳಿ, ಕೊನೆಗಲ್ಲ. ಯಾರೂ ಇದನ್ನ ಬರೆಯಲ್ಲ, ಆದ್ರೆ ನಮ್ಮಮ್ಮ ನಡಿಯೋಕೆ ಬರ್ತೀನಿ ಬರಲ್ಲ ಅಂತ ತೀರ್ಮಾನ ಮಾಡೋದೇ ಇದ್ರ ಮೇಲೆ.

ಹಾಸನದವ
ಗುರುವಾರ, ರಾತ್ರಿ 8:47

ನಾನು ಹಾಸನದಿಂದ. ಬೇಲೂರ್ ಮೇಲೆ ಬಸ್ಸಲ್ಲಿ 60 ಕಿಲೋಮೀಟರ್ ಚಿಲ್ಲರೆ, ಬೆಳಿಗ್ಗೆ ಬೇಗ ಹೊರಟ್ರೆ ತಿಂಡಿ ಹೊತ್ತಿಗೆ ಚಿಕ್ಕಮಗಳೂರು. ಹಿರೇಮಗಳೂರು ಯಾಕೆ ಯಾರೂ ಹೇಳ್ತಿಲ್ಲ? ಊರಿಗೆ ಅಂಟ್ಕೊಂಡೇ ಇದೆ, ನಾನಂತೂ ಪೇಟೆಯಿಂದ ನಡ್ಕೊಂಡೇ ಹೋಗ್ತೀನಿ. ಕೋದಂಡರಾಮನ ಗುಡೀಲಿ ಅರ್ಚನೆ ಕನ್ನಡದಲ್ಲೇ ಮಾಡ್ತಾರೆ, ಪೂಜೆ ಮಾತು ಮಕ್ಕಳಿಗೂ ಅರ್ಥ ಆಗುತ್ತೆ. ಗರ್ಭಗುಡಿ ಹೊಯ್ಸಳರ ಕಾಲದ ಶೈಲಿ, ಮುಂದಿನದು ಆಮೇಲೆ ದ್ರಾವಿಡ ಶೈಲೀಲಿ ಸೇರ್ಸಿದ್ದು. ಸರಿಯಾಗಿ ನೋಡಿ, ಸೀತೆ ರಾಮನ ಬಲಗಡೆ ಇದಾಳೆ, ಲಕ್ಷ್ಮಣ ಎಡಗಡೆ. ಪರಶುರಾಮ ಕೇಳ್ಕೊಂಡಿದ್ದಕ್ಕೆ ಮದುವೆಲಿ ನಿಂತ ಹಾಗೇ ನಿಂತು ದರ್ಶನ ಕೊಟ್ಟಿದ್ದು ಅಂತ ಅಲ್ಲಿನೋರು ಹೇಳ್ತಾರೆ. ಮೂವರೂ ನಿಂತಿರೋದು ಹನುಮಂತನ ಪೀಠದ ಮೇಲೆ. ಅಲ್ಲೇ ಈಶ್ವರನ ಗುಡಿ ಹತ್ರ ಜನಮೇಜಯನ ಸರ್ಪಯಾಗದ್ದು ಅಂತ ನಂಬೋ ಯೂಪಸ್ತಂಭ, ಅಂದ್ರೆ ಯಾಗದ ಕಂಬ, ಇದೆ. ಬೇಲೂರು ಹಳೇಬೀಡು ಪಕ್ಕದಲ್ಲೇ ಬೆಳೆದ ನಂಗೂ ಈ ಪುಟ್ಟ ಗುಡಿ ಬೇರೆ ಥರದ ಸಮಾಧಾನ ಕೊಡುತ್ತೆ.

ಬೈಟು ಕಾಫಿ
ಗುರುವಾರ, ರಾತ್ರಿ 9:15

ಹಿರೇಮಗಳೂರು ಸೇರಿಸಿದ್ರೆ ಬೋರೆ, ಪೇಟೆ, ಕೈಮರ ರಸ್ತೆ, ಕೆರೆ ಎಲ್ಲ ಒಂದೇ ಬೆಳಿಗ್ಗೆ ಆಗಲ್ಲ. ಓಡಾಟ ಆಗ್ಬಿಡುತ್ತೆ, ನಡಿಗೆ ಆಗಲ್ಲ. ನನ್ನ ಮಾತು ಕೇಳಿ ಒಂದನ್ನ ಬಿಡಿ.

ಮತ್ತೆ ಕಾಫಿ ಪುಡಿ ಮರೀಬೇಡಿ. ಎಂ.ಜಿ. ರೋಡಲ್ಲಿ ಪಾಂಡುರಂಗ ಇದೆ, ಇನ್ನೂ ಬೇರೆ ಪುಡಿ ಅಂಗಡಿಗಳಿವೆ. ಬಾಗ್ಲು ತೆಗೆದು ಮೆಷಿನ್ ಶುರುವಾದ ಮೇಲೆ ಹೋಗಿ, ಕಣ್ಣೆದುರೇ ಬೀಸಿಸ್ಕೊಳ್ಳಿ.

ಬೆಂಗಳೂರಲ್ಲಿರೋ ಮಲ್ನಾಡಿಗ
ಗುರುವಾರ, ರಾತ್ರಿ 9:50

ಚಿಕೋರಿ ಇಲ್ದಿರೋದು ತಗೊಳ್ಳಿ. ಇಲ್ಲಿಯವರೆಗೂ ಬಂದು ಬೇರು ಹುರಿದ ಪುಡಿ ಒಯ್ಯೋದ್ಯಾಕೆ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ ಜಿಐ ಟ್ಯಾಗ್ (ಆ ಜಾಗದ್ದೇ ಬೆಳೆ ಅನ್ನೋ ಗುರುತು) ಸಿಕ್ಕಿದೆ, ಆ ರುಚಿ ನಾಲಿಗೆಗೆ ಗೊತ್ತಾಗ್ಬೇಕಂದ್ರೆ ಪ್ಯೂರ್ ಕುಡೀಬೇಕು.

ಉಪ್ಪಳ್ಳಿ ಅಕ್ಕ
ಗುರುವಾರ, ರಾತ್ರಿ 10:05

ಇದನ್ನ ನಾನು ಒಪ್ಪಲ್ಲ ತಮ್ಮ. ಹಾಲು ಹಾಕಿ ಕುಡಿಯೋ ಫಿಲ್ಟರ್ ಕಾಫಿಗೆ ಸ್ವಲ್ಪ ಚಿಕೋರಿ ಬೇಕು, ಡಿಕಾಕ್ಷನ್‌ಗೆ ಮೈ ಬರೋದು, ಬಣ್ಣ ಬರೋದು ಅದರಿಂದಾನೇ. ಎಷ್ಟು ಅನ್ನೋದು ಪ್ರಶ್ನೆ. 80ಕ್ಕೆ 20 ನಮ್ಮನೇದು. ಮಿಕ್ಸಲ್ಲಿ ಕಾಫಿ ಕಮ್ಮಿ ಅಂದ್ರೂ ಶೇಕಡಾ 51 ಇರ್ಲೇಬೇಕು ಅಂತ ನಿಯಮ ಇದೆ, ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಬರೆದಿರ್ಬೇಕು. ಹೊರಗಡೆ ಪ್ಯಾಕೆಟ್ ತಗೊಳ್ಳುವಾಗ ಆ ಸಾಲು ಓದಿ, ಅರ್ಧಕ್ಕರ್ಧ ಬೇರೇ ಇರುತ್ತೆ ಎಷ್ಟೋ ಕಡೆ. ಪುಡಿ ಅಂಗಡೀಲಿ ಆದ್ರೆ ನೀವೇ ಬಾಯಿಬಿಟ್ಟು ಹೇಳ್ಬೋದು, ಪೀಬರಿ (ದುಂಡು ಒಂಟಿ ಬೀಜ) ಇಷ್ಟು, ಪ್ಲಾಂಟೇಶನ್ ಎ (ದಪ್ಪ ಬೀಜದ ದರ್ಜೆ) ಇಷ್ಟು, ಚಿಕೋರಿ ಇಷ್ಟು ಅಂತ.

ಹೂಮಳೆ
ಶುಕ್ರವಾರ, ಬೆಳಿಗ್ಗೆ 6:40

ಇಬ್ಬರದ್ದೂ ಸರಿ. ಪುಡಿ ಕಾಲು ಕೆ.ಜಿ.ಗಿಂತ ಜಾಸ್ತಿ ತಗೋಬೇಡಿ, ಬೀಸಿದ ಮೇಲೆ ದಿನಾ ದಿನಾ ಘಮ ಕಮ್ಮಿ ಆಗ್ತಾ ಹೋಗುತ್ತೆ. ರೋಬಸ್ಟಾ ನಿನ್ನೆ ಅರಳಿದೆ. ಅರೇಬಿಕಾ ಮೊಗ್ಗು ಬಿಳಿ ತಿರುಗಿ ಮೇಣದ ಥರ ನಿಂತಿದೆ. ನಾಳಿದ್ದು ಖಂಡಿತ.

ಕೋಟೆ ಕೆರೆ ದಂಡೆ
ಭಾನುವಾರ, ರಾತ್ರಿ 8:20

ಹೋಗಿ ಬಂದ್ವಿ, ಅವರೂ ಹೊರಟ್ರು. ಕೂತು ಬರೀತಿದೀನಿ, ಉದ್ದ ಆಗುತ್ತೆ.

ಆರೂವರೆಗೆ ಆಟೋ ಬಂತು. ಬೋರೆ ಮೇಲೆ ವಾಕಿಂಗ್ ಬಂದೋರು ಬಿಟ್ರೆ ಯಾರಿಲ್ಲ. ಬೈಟು ಕಾಫಿ ಹೇಳಿದ್ದು ನಿಜ, ಸಾಲು ಪೂರ್ತಿ ಕಾಣ್ತಿತ್ತು, ಮೇಲ್ಗಡೆ ಹುಲ್ಲಿನ ಬೋಳು, ಕೆಳಗೆ ಶೋಲಾ ಕಾಡಿನ ಕಪ್ಪು ಮಡಿಕೆಗಳು. ಆ ಗಿರಿಲೇ ಬಾಬಾಬುಡನ್ ಅವರು ಯೆಮನ್ನಿಂದ ತಂದ ಏಳು ಬೀಜ ನೆಟ್ಟಿದ್ದಂತೆ, 1670ರ ಸುಮಾರಿಗೆ ಅಂತ ಹೇಳಿದೆ. ತಂಗಿ ಗಂಡ ಅದನ್ನ ಕೇಳಿಸ್ಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ರು, ದಿನಾ ಕುಡಿಯೋದು ಇಲ್ಲಿಂದ ಶುರುವಾಯ್ತಾ ಅಂತ. ಕಾರಲ್ಲಿ ಹೋಗಿದ್ರೆ ಈ ಮಾತಿಗೆ ಜಾಗವೇ ಇರ್ತಿರ್ಲಿಲ್ಲ, ಪಾರ್ಕಿಂಗ್ ಎಲ್ಲಿ ಅನ್ನೋದೇ ಮಾತಾಗಿರ್ತಿತ್ತು.

ಆಮೇಲೆ ಅದೇ ಆಟೋದಲ್ಲಿ ಕೈಮರ ರಸ್ತೆ. ಮನೆಗಳು ಮುಗಿದು ಸಿಲ್ವರ್ ಓಕ್ ಶುರುವಾಗ್ತಿದ್ದಂಗೆ ಅತ್ತೆಯವರು ನಿಲ್ಸಪ್ಪ ಅಂದ್ರು. ವಾಸನೆ ಮೊದಲು ಬಂತು, ಹೂವು ಆಮೇಲೆ ಕಾಣ್ತು. ಬೇಲಿ ಪಕ್ಕದ ಗಿಡ, ಒಂದು ರೆಕ್ಕೆ ರಸ್ತೆ ಕಡೆ ಬಾಗಿತ್ತು. ಹೂಮಳೆ ಸರ್ ಹೇಳಿದಂಗೆ ಮುಟ್ಟಲಿಲ್ಲ, ಬಗ್ಗಿ ನೋಡಿದ್ವಿ. ಗೊಂಚಲಿನ ಒಳಗೆಲ್ಲ ಇಬ್ಬನಿ ಇನ್ನೂ ಕೂತಿತ್ತು. ಕೆಳಗಿನ ಗೊಂಚಲು ಪೂರ್ತಿ ಬಿರಿದಿತ್ತು, ತುದೀಲಿರೋದು ಅರ್ಧ ಬಾಯಿ ತೆರೆದಿತ್ತು. ಒಂದೊಂದು ಗೊಂಚಲಿಗೆ ಎರಡು ಮೂರು ಜೇನು, ಒಂದು ಹೂವಿಂದ ಪಕ್ಕದ ಹೂವಿಗೆ ಹಾರೋದೇ ಇಲ್ಲ, ನಡ್ಕೊಂಡೇ ಹೋಗ್ತಿದ್ವು, ಅಷ್ಟು ಒತ್ತಾಗಿ ಹೂವಿದೆ. ಗುಂಯ್ ಅನ್ನೋ ಸದ್ದು ಒಂದು ಗಿಡದ್ದಲ್ಲ, ಇಡೀ ತೋಟದ್ದು. ಅತ್ತೆಯವರು ತುಮಕೂರು ಕಡೆಯವರು, ಕಾಫಿ ಹೂವು ಹಿಂದೆ ನೋಡಿರ್ಲಿಲ್ಲ. ಇಷ್ಟು ವರ್ಷ ಕುಡಿದಿದೀನಿ, ಇದಕ್ಕೆ ಹೂವಿರುತ್ತೆ ಅಂತ ಯೋಚ್ನೇನೇ ಮಾಡಿರ್ಲಿಲ್ಲ ಕಣಮ್ಮ ಅಂದ್ರು.

ಎಂಟರ ಒಳಗೆ ಹನುಮಂತಪ್ಪ ಸರ್ಕಲಲ್ಲಿ ಆಟೋ ಬಿಟ್ಟು ಎಂ.ಜಿ. ರೋಡ್ ನಡೆದ್ವಿ. ಉಪ್ಪಳ್ಳಿ ಅಕ್ಕ, ನಿಮ್ಮ ಮಾತು ನೂರಕ್ಕೆ ನೂರು, ರಸ್ತೆ ನಮ್ಮದಾಗಿತ್ತು. ಶಟರ್ ಹಾಕಿರೋ ಅಂಗಡಿ ಮೆಟ್ಲ ಮೇಲೆ ಪೇಪರ್ ಜೋಡಿಸ್ತಿದ್ರು, ಹೂವಿನೋರು ಮಾರು ಹಾಕ್ತಿದ್ರು. ಮಾರ್ಕೆಟ್ ರಸ್ತೆಲಿ ಮಾವಿನ ಮಿಡಿ ಬಂದಿದೆ, ತೊಟ್ಟು ಸಮೇತ, ಸೊನೆ ಇನ್ನೂ ಅಂಟ್ತಿತ್ತು. ಎಳೇ ಹಲಸಿನಕಾಯಿ ಗುಡ್ಡೆ ಹಾಕಿದ್ರು. ಅತ್ತೆಯವರು ಅಲ್ಲೇ ಮಿಡಿ ಆರಿಸೋಕೆ ಕೂತ್ಬಿಟ್ರು, ಒಂದೊಂದನ್ನೂ ಮೂಸಿ ನೋಡಿ. ಮಂಡಿ ನೋವಿನ ಮಾತು ಬರ್ಲಿಲ್ಲ.

ಒಂಬತ್ತಕ್ಕೆ ದೋಸೆ. ನಾವು ಕೂತ ಜಾಗದಿಂದ ಕಲ್ಲು ಕಾಣ್ತಿತ್ತು. ಭಟ್ರು ನೀರು ಚಿಮುಕಿಸಿ, ಕಡ್ಡಿ ಪೊರಕೇಲಿ ಒಂದೇ ಎಳೆತಕ್ಕೆ ಒರೆಸಿ, ಹಿಟ್ಟು ಸಾಲಾಗಿ ಹುಯ್ದು, ಕೊನೇದು ಹರಡೋ ಹೊತ್ತಿಗೆ ಮೊದಲನೇದರ ಅಂಚು ಕೆಂಪಾಗಿರ್ತಿತ್ತು. ಆ ಕೆಂಪು ಹತ್ತೂವರೆಗೆ ಸಿಗಲ್ಲ ಅಂತ ದೋಸೆ ಕಲ್ಲು ಅಣ್ಣ ಯಾಕೆ ಅಷ್ಟು ಹೇಳಿದ್ರು ಅಂತ ತಿಂದಾಗ ಗೊತ್ತಾಯ್ತು. ಒಂದೊಂದೇ ತಿಂದು ಬೈ ಟು ಕಾಫಿ ಹೇಳಿ ಎದ್ವಿ.

ಪುಡಿ ಅಂಗಡೀಲಿ ತಂಗಿ ಪ್ಯೂರ್ ತಗೊಂಡ್ಲು, ಅತ್ತೆಯವರು 80-20. ಬೀಸಿ ಮುಗಿದ ಮೇಲೆ ಅಂಗಡಿಯವರು ಮೆಷಿನ್ ಮೂತಿಗೆ ಮರದ ಕೋಲಲ್ಲಿ ಎರಡೇಟು ಹೊಡೆದು, ಒಳಗೆ ಉಳ್ಕೊಂಡಿದ್ದ ಪುಡೀನೂ ಅವರ ಡಬ್ಬಿಗೇ ಬೀಳಿಸಿದ್ರು. ಪೊಟ್ಟಣ ಕೈಗೆ ಬಂದಾಗ ಬಿಸಿಯಾಗಿತ್ತು. ಅತ್ತೆಯವರು ಅದನ್ನ ಬ್ಯಾಗಿಗೆ ಹಾಕ್ದೆ ಕೈಲೇ ಹಿಡ್ಕೊಂಡು ನಡೆದ್ರು.

ಹನ್ನೊಂದೂವರೆಗೆ ಅಕ್ಕಿರೊಟ್ಟಿ, ಕಾಯಿ ಚಟ್ನಿ, ಎಣ್ಣೆಗಾಯಿ, ಹಲಸಿನ ಗುಜ್ಜೆ ಪಲ್ಯ. ಮನೆ ಥರ ಮಾಡೋ ಸಣ್ಣ ಜಾಗ, ಹಿಂದಿನ ದಿನವೇ ಫೋನ್ ಮಾಡಿ ನಾಲ್ಕು ಜನ ಅಂತ ಹೇಳಿಟ್ಟಿದ್ದೆ. ಮಧ್ಯಾಹ್ನ ಒಂದರ ತನಕ ಕೂತಿದ್ವಿ, ಯಾರೂ ಏಳಿ ಅನ್ಲಿಲ್ಲ. ಕೆರೆಗೂ ಹಿರೇಮಗಳೂರಿಗೂ ಹೋಗ್ಲಿಲ್ಲ, ಬಿಸಿಲು ಏರಿತ್ತು, ಬೇಕಂತಲೇ ಬಿಟ್ವಿ.

ದೋಸೆ ಕಲ್ಲು
ಭಾನುವಾರ, ರಾತ್ರಿ 8:44

ಓದಿ ಹೊಟ್ಟೆ ತಣ್ಣಗಾಯ್ತು ತಾಯಿ. ಭಟ್ರ ಕೈ ನೋಡ್ತಾ ಕೂತ್ರಲ್ಲ, ಅದು ದೊಡ್ಡದು. ಕಲ್ಲಿನ ಮುಂದೆ ನಿಂತೋನಿಗೆ ಯಾರಾದ್ರೂ ನೋಡ್ತಿದಾರೆ ಅಂದ್ರೆ ದೋಸೆ ಇನ್ನೂ ಚೆನ್ನಾಗೇ ಬರುತ್ತೆ.

ಕಲ್ಯಾಣನಗರ ವಾಕರ್
ಭಾನುವಾರ, ರಾತ್ರಿ 9:30

ನಾವೂ ಇವತ್ತೇ ಹೋಗಿದ್ವಿ ಒಂದು ಕಡೆ, ಹೆಸರು ಬೇಡ, ಹತ್ತೂಮುಕ್ಕಾಲಿಗೆ. ಸಾಂಬಾರ್ ಆರಿತ್ತು, ಬಿಲ್ ಕೇಳೋ ಮೊದಲೇ ತಂದಿಟ್ರು, ಮಕ್ಕಳು ಇನ್ನೂ ತಿಂತಿದ್ರು. ಬೇಜಾರಾಯ್ತು. ಈ ಚರ್ಚೆ ಮೊದಲೇ ಓದಿದ್ರೆ ಒಂಬತ್ತಕ್ಕೇ ಹೋಗ್ತಿದ್ವಿ.

ಭಾನುವಾರ ನಾನ್‌ವೆಜ್ ಬೇಕು ಅನ್ನೋರಿಗೆ ಏನು ಹೇಳ್ತೀರಿ? ನಮ್ಮನೇಲಿ ಅಕ್ಕಿರೊಟ್ಟಿ ಅಂದ್ರೆ ಪಕ್ಕದಲ್ಲಿ ಕೋಳಿಸಾರು ಇರ್ಲೇಬೇಕು.

ಬೆಂಗಳೂರಲ್ಲಿರೋ ಮಲ್ನಾಡಿಗ
ಭಾನುವಾರ, ರಾತ್ರಿ 9:52

ಕಡುಬು, ನಾಟಿಕೋಳಿ ಸಾರು! ಅದಕ್ಕಂತೂ ಹನ್ನೆರಡೇ ಸರಿಯಾದ ಹೊತ್ತು. ನಾಟಿಕೋಳಿ ಬೇಯೋಕೆ ಟೈಮ್ ಬೇಕು, ಬೆಳಿಗ್ಗೆ ಬೇಗ ಸಿಕ್ತು ಅಂದ್ರೆ ಹಿಂದಿನ ದಿನದ್ದು ಅಂತಲೇ ಲೆಕ್ಕ. ಹಾಗಾಗಿ ಕೋಟೆ ಕೆರೆ ದಂಡೆ ಅಕ್ಕ ಮಾಡಿದ ದಾರಿನೇ ಹಿಡೀರಿ, ಒಂಬತ್ತಕ್ಕೆ ದೋಸೆ, ಹನ್ನೆರಡಕ್ಕೆ ಕಡುಬು. ಊರೋರ ಮನೆಲಿ ಅಥವಾ ಹೋಮ್‌ಸ್ಟೇಲಿ ಹೇಳಿ ಮಾಡಿಸಿದ್ರೆ ಅದಕ್ಕಿಂತ ಒಳ್ಳೇದು ಇಲ್ಲ. ಇವತ್ತಿನ ವಿವರ ಓದಿ ನಂಗೂ ಬರ್ಬೇಕು ಅನ್ನಿಸ್ತಿದೆ, ಊರು ನಮ್ಮ ಜಿಲ್ಲಾ ಕೇಂದ್ರ, ಒಂದು ದಿನಾನೂ ಸುಮ್ನೆ ನಡೆದು ನೋಡಿಲ್ಲ ನಾನು.

ಹೂಮಳೆ
ಸೋಮವಾರ, ಬೆಳಿಗ್ಗೆ 6:15

ನಿಮ್ಮ ಅತ್ತೆಯವರ ಮಾತು ನಮ್ಮ ಮನೆಯವರಿಗೆಲ್ಲ ಓದಿ ಹೇಳಿದೆ. ತೋಟದಲ್ಲಿ ಕೆಲಸ ಮಾಡೋರಿಗೂ ಹೇಳಿದೆ. ಹೂವು ಇವತ್ತೂ ಇದೆ, ನಾಳೆಯಿಂದ ಕಂದುತ್ತೆ. ಇನ್ನು ಹದಿನೈದು ಇಪ್ಪತ್ತು ದಿನದೊಳಗೆ ಬ್ಯಾಕಿಂಗ್ ಮಳೆ, ಅಂದ್ರೆ ಹೂವಾದ ಮೇಲಿನ ಎರಡನೇ ಮಳೆ, ಬರ್ಬೇಕು, ಇಲ್ದಿದ್ರೆ ಕಟ್ಟಿದ ಮಿಡಿ ನಿಲ್ಲಲ್ಲ. ರೇವತಿ ಮಳೆ ಈ ಸಲ ಕೈ ಹಿಡೀಲಿ. ನೀರಿನ ಅನುಕೂಲ ಇರೋರು ಸ್ಪ್ರಿಂಕ್ಲರ್ ಹಾಕ್ತಾರೆ, ಇಲ್ದೋರು ನಾವು ಆಕಾಶ ನೋಡ್ತೀವಿ.

ಹಾಸನದವ
ಸೋಮವಾರ, ಬೆಳಿಗ್ಗೆ 9:05

ಹಿರೇಮಗಳೂರು ಬಿಟ್ಬಿಟ್ರಲ್ಲ. ಮುಂದಿನ ಭಾನುವಾರ ನಾನು ಬರ್ತೀನಿ ಬೇಲೂರ್ ಮೇಲೆ. ಯಾರ್ಯಾರು ಬರ್ತೀರ? ಹಿರೇಮಗಳೂರು, ಬಸವನಹಳ್ಳಿ ಕೆರೆ, ಮಧ್ಯೆ ದೋಸೆ. ಬೋರೆ ಬೇಡ ಈ ಸಲ.

ಉಪ್ಪಳ್ಳಿ ಅಕ್ಕ
ಸೋಮವಾರ, ಬೆಳಿಗ್ಗೆ 9:20

ನಾನು, ಅಮ್ಮ ಇಬ್ರೂ. ಅಮ್ಮನಿಗೆ ಕನ್ನಡದ ಅರ್ಚನೆ ಕೇಳ್ಬೇಕಂತೆ.

ಕಲ್ಯಾಣನಗರ ವಾಕರ್
ಸೋಮವಾರ, ಬೆಳಿಗ್ಗೆ 9:41

ನಾವು ನಾಲ್ಕು ಜನ, ಮಕ್ಕಳು ಸೇರಿ. ಹನ್ನೆರಡರ ಕಡುಬಿಗೆ ನಾನು ವಿಚಾರಿಸ್ತೀನಿ, ಸಸ್ಯಾಹಾರಿಗಳು ಎಷ್ಟು ಜನ ಅಂತ ಶುಕ್ರವಾರದೊಳಗೆ ಇಲ್ಲೇ ಬರೀರಿ.

ಕೋಟೆ ಕೆರೆ ದಂಡೆ
ಸೋಮವಾರ, ಬೆಳಿಗ್ಗೆ 10:02

ನಾನಿದೀನಿ, ಸಸ್ಯಾಹಾರಿ ಒಂದು ಅಂತ ಬರ್ಕೊಳ್ಳಿ. 6:45ಕ್ಕೆ ಹನುಮಂತಪ್ಪ ಸರ್ಕಲ್. ಹಾಸನದವರ ಬಸ್ಸು ತಡ ಆದ್ರೆ ಅವರು ಸೀದಾ ಆಟೋ ಹಿಡಿದು ಹಿರೇಮಗಳೂರು ಗುಡಿ ಹತ್ರ ಸಿಗ್ಲಿ, ಕಾಯೋಣ. ಛತ್ರಿ ಎಲ್ರೂ ತನ್ನಿ, ಈಗ ಮಧ್ಯಾಹ್ನದ ಮೇಲೆ ಮೋಡ ಕಟ್ತಿದೆ. ಬಂದ್ರೆ ಹೂಮಳೆ ಸರ್ ತೋಟಕ್ಕಂತೂ ಒಳ್ಳೇದೇ.